ಹುಲಿ ಚಿತ್ರದ ಡಬ್ಬಿ, ಕೊಡಲಿ ಗುರುತಿನ ಬಾಟಲಿ: ಚೀನೀ ಲೇಪನೌಷಧಗಳ ಒಳಗೇನಿದೆ?

ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಡಲಾರಂಭಿಸಿದ ಮೇಲೆ ಬ್ಯಾಂಕಾಕ್ ಪ್ರವಾಸ ಮೊದಲಿಗಿಂತ ಸಲೀಸಾಯಿತು. ಸಿಂಗಪುರ, ಮಲೇಷ್ಯಾ, ವಿಯೆಟ್ನಾಂಗಳಿಗೆ ಹೋಗಿಬರುವವರೂ ನಮ್ಮಲ್ಲಿ ಕಡಿಮೆಯೇನಲ್ಲ. ಹಾಗೆ ಹೋದವರು ತರುವ ಸಾಮಾನುಗಳಲ್ಲಿ ಚಾಕೊಲೇಟಿನ ಪಕ್ಕದಲ್ಲೇ ಹುಲಿಯ ಚಿತ್ರವಿರುವ ಮುಲಾಮಿನ ಡಬ್ಬಿ, ಕೊಡಲಿ ಗುರುತಿನ ಪುಟ್ಟ ಬಾಟಲಿ, ಚೀನೀ ಅಕ್ಷರಗಳ ನೋವಿನ ಪಟ್ಟಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಕರಾವಳಿಯವರಿಗಂತೂ ಇದು ಹೊಸತಲ್ಲ; ಗಲ್ಫ್‌ನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಇದೇ ಕೊಡಲಿ ಗುರುತಿನ ಆಕ್ಸ್ ಎಣ್ಣೆ ಬಹಳ ಕಾಲದಿಂದ ಬರುತ್ತಿದೆ. ಈಗ ಆನ್‌ಲೈನ್ ಅಂಗಡಿಗಳು ಇವೇ ವಸ್ತುಗಳನ್ನು ಯಾವ ಊರಿಗೆ ಬೇಕಾದರೂ ಮುಟ್ಟಿಸುತ್ತವೆ. ತಲೆನೋವು, ಮಂಡಿನೋವು, ಸೊಂಟನೋವು, ನೆಗಡಿ ಎಲ್ಲಕ್ಕೂ ಇವನ್ನು ಹಚ್ಚಿಕೊಳ್ಳುವವರಿದ್ದರೂ ಒಳಗಿರುವುದು ಏನು, ಅದು ದೇಹದಲ್ಲಿ ಏನು ಮಾಡುತ್ತದೆ, ಯಾರು ಹಚ್ಚಿಕೊಳ್ಳಬಾರದು ಎಂಬ ವಿವರ ಕನ್ನಡದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

## ಹೊರಗಿನಿಂದ ಮಾಡುವ ಚಿಕಿತ್ಸೆ

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಔಷಧವನ್ನು ಕುಡಿಸುವುದು ಒಂದು ದಾರಿಯಾದರೆ, ಚರ್ಮದ ಮೇಲೆ ಹಚ್ಚುವುದು, ಅಂಟಿಸುವುದು, ಶಾಖ ಕೊಡುವುದು, ತೊಳೆಯುವುದು ಇನ್ನೊಂದು ದಾರಿ. ಈ ಎರಡನೆಯದನ್ನು ಅಲ್ಲಿನವರು 'ವೈ ಝಿ', ಅಂದರೆ ಹೊರಚಿಕಿತ್ಸೆ ಎನ್ನುತ್ತಾರೆ. ಇದು ಬಹಳ ಹಳೆಯದು. ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಹತ್ತಿರ ಮವಾಂಗ್‌ದುಯ್ ಎಂಬಲ್ಲಿ 1973ರಲ್ಲಿ ಅಗೆದ, ಕ್ರಿಸ್ತಪೂರ್ವ 168ರ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಅವುಗಳಲ್ಲಿ 52 ಬಗೆಯ ಕಾಯಿಲೆಗಳಿಗೆ ಮದ್ದು ಹೇಳುವ ಗ್ರಂಥವೊಂದಿದ್ದು, ಗಾಯ, ಹುಣ್ಣು, ಚರ್ಮರೋಗಗಳಿಗೆ ಹಂದಿಯ ಕೊಬ್ಬಿನಲ್ಲಿ ಕಲಸಿ ಹಚ್ಚುವ ಲೇಪಗಳು ಅದರಲ್ಲಿವೆ.

ಈ ಪದ್ಧತಿಯ ತರ್ಕವನ್ನು ಅದರ ಭಾಷೆಯಲ್ಲೇ ಹೇಳುವುದಾದರೆ, ದೇಹದಲ್ಲಿ 'ಚಿ' ಎಂಬ ಚೈತನ್ಯವೂ ರಕ್ತವೂ ನಿರ್ದಿಷ್ಟ ನಾಳಗಳಲ್ಲಿ ಹರಿಯುತ್ತಿರುತ್ತವೆ. ಆ ಹರಿವು ಎಲ್ಲಿ ತಡೆಯುತ್ತದೋ ಅಲ್ಲಿ ನೋವು ಹುಟ್ಟುತ್ತದೆ, ತಡೆ ಬಿಟ್ಟರೆ ನೋವು ಹೋಗುತ್ತದೆ. ಕೀಲುನೋವಿಗೆ ಗಾಳಿ, ಚಳಿ, ತೇವಗಳು ಒಳಹೊಕ್ಕು ಈ ಹರಿವನ್ನು ಕಟ್ಟಿಹಾಕುವುದು ಕಾರಣ ಎಂಬುದು ಅವರ ವಿವರಣೆ. ಆದ್ದರಿಂದಲೇ ನೋವಿನ ಎಣ್ಣೆಗಳ ಮೇಲೆ 'ಗಾಳಿಯನ್ನು ಓಡಿಸುತ್ತದೆ', 'ರಕ್ತ ಚಲಿಸುವಂತೆ ಮಾಡುತ್ತದೆ' ಎಂಬಂಥ ಮಾತುಗಳು ಅಚ್ಚಾಗಿರುತ್ತವೆ. ಇವು ಆ ಪದ್ಧತಿಯ ಪಾರಿಭಾಷಿಕ ಮಾತುಗಳೇ ಹೊರತು ಪ್ರಯೋಗಾಲಯದಲ್ಲಿ ಅಳೆದು ಬರೆದ ಫಲಿತಾಂಶಗಳಲ್ಲ.

ಹೊರಚಿಕಿತ್ಸೆಗೆ ಶಾಸ್ತ್ರದ ಗೌರವ ತಂದುಕೊಟ್ಟವನು ಹತ್ತೊಂಬತ್ತನೆಯ ಶತಮಾನದ ವೈದ್ಯ ವು ಶಿಜಿ. ಒಳಗೆ ಕೊಡುವ ಔಷಧಕ್ಕೆ ಯಾವ ತತ್ತ್ವವೋ ಹೊರಗೆ ಹಚ್ಚುವುದಕ್ಕೂ ಅದೇ ತತ್ತ್ವ, ಔಷಧವೂ ಅದೇ, ಬದಲಾಗುವುದು ಕೊಡುವ ಬಗೆ ಮಾತ್ರ ಎಂಬುದು ಅವನ ವಾದ. ಕಷಾಯ ಕುಡಿಯಲಾಗದವರಿಗೂ, ದುಬಾರಿ ಮದ್ದು ಕೊಳ್ಳಲಾಗದವರಿಗೂ ಈ ದಾರಿ ಅನುಕೂಲವಾಗಿತ್ತು.

## ಕರಿ ಪಟ್ಟಿಯಿಂದ ಮದ್ಯದ ಮದ್ದಿನವರೆಗೆ

ಹಳೆಯ ಲೇಪನೌಷಧಗಳಲ್ಲಿ ನೋಡಲು ಅತ್ಯಂತ ವಿಶಿಷ್ಟವಾದದ್ದು 'ಗಾವ್ ಯಾವ್' ಎಂಬ ಕರಿ ಪಟ್ಟಿ. ಅದನ್ನು ತಯಾರಿಸುವವನು ಮೊದಲು ಬೇರು, ತೊಗಟೆ, ಬೀಜಗಳನ್ನು ಎಳ್ಳೆಣ್ಣೆಯಲ್ಲಿ ಸೀದು ಕಂದಾಗುವವರೆಗೆ ಕರಿದು, ಚರಟವನ್ನು ಸೋಸಿ ತೆಗೆಯುತ್ತಾನೆ. ಉಳಿದ ಎಣ್ಣೆಯನ್ನು ಮತ್ತೆ ಕಾಯಿಸುತ್ತಾ ಆಗಾಗ ಒಂದೊಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಪರೀಕ್ಷಿಸುತ್ತಾನೆ. ಹನಿ ನೀರಿನ ಮೇಲೆ ಹರಡದೆ ಮಣಿಯಾಗಿ ನಿಂತರೆ ಎಣ್ಣೆ ಹದಕ್ಕೆ ಬಂದಿದೆ ಎಂದರ್ಥ. ಆಗ ಅದಕ್ಕೆ ಕೆಂಪು ಸೀಸದ ಪುಡಿಯನ್ನು ಉದುರಿಸಿ ಕದಡುತ್ತಾನೆ. ಹೊಗೆ ಏಳುತ್ತದೆ, ಎಣ್ಣೆ ಕಪ್ಪಾಗಿ ಗಟ್ಟಿಯಾಗುತ್ತದೆ. ಈ ಮುದ್ದೆಯನ್ನು ತಣ್ಣೀರಿನಲ್ಲಿ ಹಲವು ದಿನ ನೆನೆಸಿಡುವುದು ಮುಂದಿನ ಹಂತ. 'ಬೆಂಕಿಯ ವಿಷ' ಇಳಿಯಲಿ ಎಂದು ಹೀಗೆ ಮಾಡುತ್ತಾರೆ. ನೆನೆಸದೆ ಬಳಸಿದರೆ ಚರ್ಮ ಕೆರಳುತ್ತದೆ ಎಂಬುದು ಅನುಭವದಿಂದ ಬಂದ ತಿಳಿವಳಿಕೆ. ಕೊನೆಗೆ ಬಟ್ಟೆ ಅಥವಾ ಕಾಗದದ ಮೇಲೆ ಬಳಿದು, ಬಳಸುವಾಗ ತುಸು ಬಿಸಿಮಾಡಿ ನೋವಿದ್ದಲ್ಲಿ ಅಂಟಿಸುತ್ತಾರೆ. ಒಂದು ಪ್ರಸಿದ್ಧ ಬಗೆಯನ್ನು ಹಿಂದೆ ನಾಯಿಯ ಚರ್ಮದ ಮೇಲೆ ಬಳಿಯುತ್ತಿದ್ದುದರಿಂದ ಅದಕ್ಕೆ ನಾಯಿಚರ್ಮದ ಪಟ್ಟಿ ಎಂಬ ಹೆಸರು ಈಗಲೂ ಉಳಿದಿದೆ. ಸೀಸವೆಂದರೆ ವಿಷವೆಂದು ತಿಳಿದ ಇಂದಿನ ಓದುಗರಿಗೆ ಈ ತಯಾರಿಕೆ ಕಸಿವಿಸಿ ಉಂಟುಮಾಡಿದರೆ ಆಶ್ಚರ್ಯವಿಲ್ಲ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ರಬ್ಬರಿನ ಅಂಟಿನ ತೆಳು ಪಟ್ಟಿಗಳು, ಅವುಗಳದ್ದು ಬೇರೆಯೇ ತಯಾರಿಕೆ.

ಎರಡನೆಯ ಬಗೆ ಮೃದುವಾದ ಮುಲಾಮು. 1617ರಲ್ಲಿ ಚೆನ್ ಶಿಗಾಂಗ್ ಎಂಬ ಶಸ್ತ್ರವೈದ್ಯ ಬರೆದ ಗ್ರಂಥದಲ್ಲಿ ಎಳ್ಳೆಣ್ಣೆ, ಜೇನುಮೇಣ ಮತ್ತು ಎರಡು ಬೇರುಗಳಿಂದ ಮಾಡುವ ಸರಳ ಮುಲಾಮೊಂದು ಬರುತ್ತದೆ. ಒಣಗಿ ಬಿರಿದ ಚರ್ಮಕ್ಕೆ ಹಚ್ಚುವ ಈ ಮುಲಾಮಿಗೆ ಹಂದಿಯ ಕೊಬ್ಬನ್ನೂ ಸೇರಿಸಿ ಜಪಾನಿನ ವೈದ್ಯ ಹನಾವೊಕಾ ಸೈಶು ರೂಪಿಸಿದ ನೇರಳೆ ಮುಲಾಮು ಅಲ್ಲಿ ಇಂದಿಗೂ ಮಾರಾಟದಲ್ಲಿದೆ.

ಮೂರನೆಯದು 'ದಿಯೆ ದಾ ಜಿಯು', ಕ್ಯಾಂಟನೀಸ್ ಮಾತಿನಲ್ಲಿ 'ದಿತ್ ದಾ ಜಾವ್': ಬಿದ್ದು ಪೆಟ್ಟಾದಾಗ ಉಜ್ಜುವ ಮದ್ಯ. ಹೀರಾಬೋಳ, ಫ್ರಾಂಕಿನ್‌ಸೆನ್ಸ್ ಎಂಬ ಧೂಪದ ಅಂಟು, ಕುಸುಬೆ ಹೂವಿನ ಎಸಳು ಮುಂತಾದವನ್ನು ಕಡು ಮದ್ಯದಲ್ಲಿ ತಿಂಗಳುಗಟ್ಟಲೆ ನೆನೆಸಿಟ್ಟು ಇದನ್ನು ತಯಾರಿಸುತ್ತಾರೆ. ದಕ್ಷಿಣ ಚೀನಾದಲ್ಲಿ ಮೂಳೆ ಕೂರಿಸುವವರೂ ಸಮರಕಲೆ ಕಲಿಸುವ ಗುರುಗಳೂ ಎಷ್ಟೋ ಸಲ ಒಬ್ಬರೇ ಆಗಿರುತ್ತಿದ್ದರು. ಚಲನಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತನಾದ ವಾಂಗ್ ಫೇ ಹುಂಗ್ ಸಹ ಸಮರಕಲೆಯ ಗುರುವಾಗಿದ್ದುಕೊಂಡೇ ಔಷಧಾಲಯ ನಡೆಸಿದವನು. ಅಂದಹಾಗೆ, ಕಲಬುರಗಿ, ವಿಜಯಪುರದ ಕಡೆ ಎಣ್ಣೆಗಾಗಿ ಬೆಳೆಯುವ ಕುಸುಬೆಯೂ ಈ ಮದ್ದಿಗೆ ಹಾಕುವ ಕುಸುಬೆಯೂ ಒಂದೇ ಗಿಡ. ನಮಗೆ ಅದರ ಬೀಜ ಮುಖ್ಯ, ಚೀನೀ ವೈದ್ಯರಿಗೆ ಹೂವು.

## ಬಾಟಲಿಯ ಎಣ್ಣೆ ಬಂದರು ಪಟ್ಟಣಗಳ ಕೂಸು

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಕೈಗೆ ಬರುವ ಖಾರವಾದ ಎಣ್ಣೆಗಳೂ ಮುಲಾಮುಗಳೂ ಸಾವಿರಾರು ವರ್ಷ ಹಳೆಯವಲ್ಲ. ಅವು ಹುಟ್ಟಿದ್ದು ಹೆಚ್ಚಾಗಿ ಚೀನಾದ ಹೊರಗೆ, ವಲಸೆ ಹೋದ ಚೀನೀಯರ ಅಂಗಡಿಗಳಲ್ಲಿ, ಕಳೆದ ನೂರೈವತ್ತು ವರ್ಷಗಳ ಈಚೆಗೆ.

ಟೈಗರ್ ಬಾಮ್‌ನ ಮೂಲ ಬರ್ಮಾದ ರಂಗೂನಿನಲ್ಲಿದೆ. ಹಕ್ಕಾ ಸಮುದಾಯದ ಔ ಚು ಕಿನ್ ಎಂಬ ನಾಟಿವೈದ್ಯ ಅಲ್ಲಿ 1870ರ ದಶಕದಲ್ಲಿ ಎಂಗ್ ಔನ್ ಟಾಂಗ್ ಎಂಬ ಔಷಧದ ಅಂಗಡಿ ತೆರೆದ. 1908ರಲ್ಲಿ ಅವನು ತೀರಿಕೊಂಡ ಮೇಲೆ ಮಕ್ಕಳಾದ ಔ ಬೂನ್ ಹಾ ಮತ್ತು ಔ ಬೂನ್ ಪಾರ್ ಮುಲಾಮನ್ನು ದೊಡ್ಡ ವ್ಯಾಪಾರವನ್ನಾಗಿ ಬೆಳೆಸಿದರು; 1920ರ ದಶಕದಲ್ಲಿ ಸಿಂಗಪುರಕ್ಕೆ ನೆಲೆ ಬದಲಿಸಿದರು. ಅಣ್ಣ ಬೂನ್ ಹಾನ ಹೆಸರಿನಲ್ಲೇ ಹುಲಿ ಇದ್ದುದರಿಂದ ('ಹಾ' ಎಂದರೆ ಹುಲಿ) ಡಬ್ಬಿಯ ಮೇಲೆ ಹುಲಿ ಬಂತು. ಅವನು ಹುಲಿಯ ತಲೆ ಜೋಡಿಸಿದ ಕಾರಿನಲ್ಲಿ ಓಡಾಡಿ ಪ್ರಚಾರ ಮಾಡಿದ, 1929ರಲ್ಲಿ ಸಿಂಗಪುರದಲ್ಲಿ ದಿನಪತ್ರಿಕೆಯನ್ನೇ ಆರಂಭಿಸಿದ. ಮುಲಾಮಿನಲ್ಲಿ ಹುಲಿಯ ಯಾವ ಅಂಶವೂ ಇಲ್ಲ. ಹುಲಿಯ ಮೂಳೆ ಹಾಕಿದ ಪಟ್ಟಿಗಳು ಚೀನಾದಲ್ಲಿ ಬೇರೆಯಾಗಿ ಇದ್ದದ್ದು ನಿಜ, ಆದರೆ 1993ರಲ್ಲಿ ಆ ದೇಶವೇ ಹುಲಿಮೂಳೆಯ ವ್ಯಾಪಾರವನ್ನು ನಿಷೇಧಿಸಿತು.

ಸುಮಾರು ಅದೇ ಕಾಲದಲ್ಲಿ, 1927ರಲ್ಲಿ ಬಿಳಿಹೂವಿನ ಎಣ್ಣೆ, 1928ರಲ್ಲಿ ಆಕ್ಸ್ ಎಣ್ಣೆ ಬಂದವು. ಬಂದರಿನಲ್ಲಿ ಮೂಟೆ ಹೊರುವವರಿಗೆ ಮೈಕೈ ನೋವು, ಹಡಗಿನಲ್ಲಿ ಹೋಗುವವರಿಗೆ ತಲೆಸುತ್ತು. ಕಷಾಯ ಕುದಿಸಿಕೊಳ್ಳಲು ಒಲೆಯಾಗಲಿ ಸಮಯವಾಗಲಿ ಇಲ್ಲದ ಇಂಥವರಿಗೆ ಜೇಬಿನಲ್ಲಿ ಹಿಡಿಸುವ ಮದ್ದು ಬೇಕಾಗಿತ್ತು. ಪದಾರ್ಥಗಳೂ ಬಂದರು ವ್ಯಾಪಾರದವೇ: ಪೂರ್ವ ಏಷ್ಯಾದ ಕರ್ಪೂರ, ಇಂಡೊನೇಷ್ಯಾದ ಲವಂಗ ಮತ್ತು ಕಾಜುಪುಟ್ ಎಣ್ಣೆ, ದಕ್ಷಿಣ ಚೀನಾದ ದಾಲ್ಚಿನ್ನಿ ಎಣ್ಣೆ, ಆಸ್ಟ್ರೇಲಿಯಾ ಮೂಲದ ನೀಲಗಿರಿ ಎಣ್ಣೆ. ಇವಕ್ಕೂ ಮೊದಲೇ, 1893ರಲ್ಲಿ, ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಅಮೃತಾಂಜನವನ್ನು ಆರಂಭಿಸಿದ್ದರು. ಟೈಗರ್ ಬಾಮ್, ಅಮೃತಾಂಜನ ಎರಡರ ಪದಾರ್ಥಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇವು ಒಂದೇ ಕುಟುಂಬದವು ಎಂಬುದು ತಿಳಿಯುತ್ತದೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಪುದೀನಾ ಎಣ್ಣೆ ಮತ್ತು ಮೆಂಥಾಲ್ ಉತ್ಪಾದಿಸುವ ದೇಶ ಭಾರತ. ಉತ್ತರಪ್ರದೇಶದ ಬಾರಾಬಂಕಿ ಸುತ್ತಿನ ಹೊಲಗಳೇ ಅದರ ಕೇಂದ್ರ.

ಹೆಸರನ್ನು ನಂಬಿ ಒಳಗಿರುವುದನ್ನು ಊಹಿಸುವಂತಿಲ್ಲ. 'ಕೆಂಪು ಹೂವಿನ ಎಣ್ಣೆ' ಎಂದು ಮಾರುವ ಎಣ್ಣೆಗೆ ಆ ಹೆಸರು ಕುಸುಬೆ ಹೂವನ್ನು ನೆನಪಿಸುವಂತಿದ್ದರೂ, ಅದರ ಹಲವು ತಯಾರಿಕೆಗಳಲ್ಲಿ ಕುಸುಬೆಯೇ ಇರುವುದಿಲ್ಲ. ಮುಖ್ಯವಾಗಿ ಇರುವುದು ಗಂಧಪುರದ (ವಿಂಟರ್‌ಗ್ರೀನ್ ಗಿಡದ) ಎಣ್ಣೆ ಅಥವಾ ಅದರ ಕೃತಕ ರೂಪವಾದ ಮೀಥೈಲ್ ಸ್ಯಾಲಿಸಿಲೇಟ್, ಜೊತೆಗೆ ಟರ್ಪೆಂಟೈನ್ ಮತ್ತು ದಾಲ್ಚಿನ್ನಿ ಎಣ್ಣೆ.

## ತಣ್ಣಗಾಗದೆ ತಂಪು, ಸುಡದೆ ಉರಿ

ಮೆಂಥಾಲ್ ಹಚ್ಚಿದಾಗ ಚರ್ಮ ತಣ್ಣಗಾದಂತೆ ಅನ್ನಿಸಿದರೂ ತಾಪಮಾಪಕ ಇಟ್ಟರೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಇದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇತ್ತೀಚೆಗೆ. ನಮ್ಮ ಚರ್ಮದ ನರಗಳ ತುದಿಯಲ್ಲಿ ಬಿಸಿ, ತಂಪುಗಳನ್ನು ಗುರುತಿಸುವ ಸೂಕ್ಷ್ಮ ಪ್ರೊಟೀನುಗಳಿವೆ. ಇವನ್ನು ಗ್ರಾಹಕಗಳು ಎನ್ನುತ್ತಾರೆ. ಟಿಆರ್‌ಪಿಎಂ8 ಎಂಬ ಗ್ರಾಹಕ ಚರ್ಮದ ತಾಪ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ತೆರೆದುಕೊಂಡು ಮಿದುಳಿಗೆ 'ತಂಪು' ಎಂಬ ಸುದ್ದಿ ಕಳಿಸುತ್ತದೆ. ಮೆಂಥಾಲ್ ಅಣು ಇದೇ ಗ್ರಾಹಕಕ್ಕೆ ಹೋಗಿ ಅಂಟಿಕೊಂಡು, ತಂಪಿಲ್ಲದೆಯೇ ಅದನ್ನು ತೆರೆಸುತ್ತದೆ. ಬಾಗಿಲಲ್ಲಿ ನೆಂಟರಿಲ್ಲದಿದ್ದರೂ ಕರೆಗಂಟೆಯನ್ನು ಯಾರೋ ಒತ್ತಿದರೆ ಒಳಗಿದ್ದವರು ನೆಂಟರೇ ಬಂದರೆಂದುಕೊಳ್ಳುವುದಿಲ್ಲವೇ, ಮಿದುಳಿನ ಸ್ಥಿತಿಯೂ ಹಾಗೆಯೇ. ಈ ಗ್ರಾಹಕವನ್ನು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ತಮ್ಮ ತಮ್ಮ ಪ್ರಯೋಗಾಲಯಗಳಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಬಿಸಿ ಮತ್ತು ಸ್ಪರ್ಶದ ಗ್ರಾಹಕಗಳ ಸಂಶೋಧನೆಯೂ ಸೇರಿದಂತೆ ಈ ಕೆಲಸಕ್ಕೆ 2021ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಉರಿಯ ಕಥೆಯೂ ಇದೇ ಬಗೆಯದು. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಸುಡುಬಿಸಿಗೆ ಎಚ್ಚರಗೊಳ್ಳುವ ಟಿಆರ್‌ಪಿವಿ1 ಗ್ರಾಹಕವನ್ನು ಮೆಣಸಿನಕಾಯಿಯ ಖಾರವೂ ಕರ್ಪೂರವೂ ತೆರೆಸುತ್ತವೆ. ದಾಲ್ಚಿನ್ನಿ ಮತ್ತು ಸಾಸಿವೆಯ ಘಾಟು ಟಿಆರ್‌ಪಿಎ1 ಎಂಬ ಮತ್ತೊಂದನ್ನು ಕೆಣಕುತ್ತವೆ. ಮತ್ತೆ ಮತ್ತೆ ಕೆಣಕಿದಾಗ ನರದ ತುದಿ ಸ್ವಲ್ಪ ಹೊತ್ತು ಜಡವಾಗುತ್ತದೆ, ನೋವಿನ ಸುದ್ದಿಯೂ ಕುಗ್ಗುತ್ತದೆ. ಜೊತೆಗೆ ಉಜ್ಜುವ ಕ್ರಿಯೆಗೂ ಪಾಲಿದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತದ ಪ್ರಕಾರ ಸ್ಪರ್ಶದ ಸುದ್ದಿ ಬೆನ್ನುಹುರಿಯನ್ನು ತಲುಪಿದಾಗ ನೋವಿನ ಸುದ್ದಿಗೆ ಅಲ್ಲಿ ಅಡ್ಡಿಯಾಗುತ್ತದೆ. ಪೆಟ್ಟು ಬಿದ್ದ ಜಾಗವನ್ನು ನಾವು ತಾನಾಗಿ ತಿಕ್ಕಿಕೊಳ್ಳುವುದಕ್ಕೂ ಇದೇ ಕಾರಣ ಹೇಳುತ್ತಾರೆ.

ಮೀಥೈಲ್ ಸ್ಯಾಲಿಸಿಲೇಟ್ ಮಾತ್ರ ಇವುಗಳಿಗಿಂತ ಬೇರೆ. ಅದು ಚರ್ಮದಲ್ಲಿ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಅಂದರೆ ಆಸ್ಪಿರಿನ್ ಮಾತ್ರೆಯ ಹತ್ತಿರದ ಬಂಧು. ಆದ್ದರಿಂದ ಅದನ್ನು ಪರಿಮಳದ ಎಣ್ಣೆ ಎಂದಲ್ಲ, ಔಷಧ ಎಂದೇ ಎಣಿಸಬೇಕು.

## ಚರ್ಮವನ್ನು ದಾಟುವುದು ಯಾವುದು?

ಲೇಬಲ್ಲಿನಲ್ಲಿ ಇಪ್ಪತ್ತು ಗಿಡಮೂಲಿಕೆಗಳಿದ್ದರೂ ಎಲ್ಲವೂ ಒಳಗೆ ಹೋಗುವುದಿಲ್ಲ. ಚರ್ಮದ ಹೊರಪದರ ಕೂದಲೆಳೆಗಿಂತಲೂ ತೆಳ್ಳಗಿದ್ದರೂ ಬಿಗಿಯಾದ ತಡೆ. ಅಣುಭಾರ 500ಕ್ಕಿಂತ ಹೆಚ್ಚಿರುವ ವಸ್ತುಗಳು ಅದನ್ನು ದಾಟುವುದು ಕಷ್ಟ ಎಂಬುದು ಔಷಧ ತಯಾರಕರು ಬಳಸುವ ಅಂದಾಜು ನಿಯಮ. ಮೆಂಥಾಲಿನ ಅಣುಭಾರ 156, ಕರ್ಪೂರದ್ದೂ ಮೀಥೈಲ್ ಸ್ಯಾಲಿಸಿಲೇಟಿನದ್ದೂ 152. ಇವು ಚಿಕ್ಕವು, ಕೊಬ್ಬಿನಲ್ಲಿ ಕರಗುವಂಥವು, ಹಾಗಾಗಿ ಸುಲಭವಾಗಿ ನುಸುಳುತ್ತವೆ. ಜಿನ್ಸೆಂಗ್ ಬೇರಿನ ಪ್ರಸಿದ್ಧ ಸಕ್ರಿಯ ಅಂಶಗಳಲ್ಲಿ ಒಂದರ ಅಣುಭಾರ 1,100ರ ಮೇಲಿದೆ. ಗಾಳಿಯಲ್ಲಿ ತೇಲಿ ಮೂಗಿಗೆ ತಲುಪುವಷ್ಟು ಹಗುರವಾದವೇ ಸಾಮಾನ್ಯವಾಗಿ ಚರ್ಮವನ್ನೂ ದಾಟುತ್ತವೆ ಎಂದರೆ ತಪ್ಪಾಗಲಾರದು. ಪಟ್ಟಿಯಿಂದ ಮುಚ್ಚಿದಾಗ, ಶಾಖ ಕೊಟ್ಟಾಗ, ಚರ್ಮ ಒಡೆದಿದ್ದಾಗ ಒಳಹೋಗುವ ಪ್ರಮಾಣ ಇನ್ನಷ್ಟು ಏರುತ್ತದೆ.

## ಪರೀಕ್ಷೆಗೆ ಒಡ್ಡಿದಾಗ

ಪರಿಣಾಮದ ಬಗ್ಗೆ ಪುರಾವೆ ಮಿಶ್ರವಾಗಿದೆ. 1996ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ಒತ್ತಡದ ತಲೆನೋವಿಗೆ ಟೈಗರ್ ಬಾಮ್ ಹುಸಿಮದ್ದಿಗಿಂತ ಮೇಲೆಂದೂ ಪ್ಯಾರಾಸಿಟಮಾಲ್‌ಗೆ ಹೆಚ್ಚುಕಡಿಮೆ ಸಮವೆಂದೂ ಕಂಡುಬಂತು. ಸ್ಯಾಲಿಸಿಲೇಟ್ ಇರುವ ಲೇಪಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಮಾತ್ರ ಸ್ನಾಯು ಮತ್ತು ಕೀಲುನೋವಿಗೆ ಇವನ್ನು ಬೆಂಬಲಿಸುವಷ್ಟು ಗಟ್ಟಿ ಸಾಕ್ಷ್ಯವಿಲ್ಲವೆಂದಿತು. ಇಂಥ ಮದ್ದನ್ನು ನಿಷ್ಪಕ್ಷಪಾತವಾಗಿ ಪರೀಕ್ಷಿಸುವುದೇ ಕಷ್ಟ, ಏಕೆಂದರೆ ತನಗೆ ಹಚ್ಚಿದ್ದು ಅಸಲಿಯೋ ನಕಲಿಯೋ ಎಂಬುದು ವಾಸನೆಯಿಂದಲೇ ರೋಗಿಗೆ ಗೊತ್ತಾಗಿಬಿಡುತ್ತದೆ. ಸ್ವಲ್ಪ ಹೊತ್ತಿನ ಉಪಶಮನ ನಿಜ. ಸವೆದ ಮಂಡಿಯನ್ನು ಅದು ಸರಿಪಡಿಸುವುದಿಲ್ಲ.

ಚೀನಾದಲ್ಲಿ ಪ್ರತಿ ಬೇಸಿಗೆಯಲ್ಲೂ ಆಸ್ಪತ್ರೆಗಳ ಮುಂದೆ ಸಾಲು ನಿಲ್ಲಿಸುವ 'ಸಾನ್ ಫು ತಿಯೆ' ಪಟ್ಟಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಜುಲೈ ಮಧ್ಯದಿಂದ ಸುಮಾರು ಆಗಸ್ಟ್ ಮಧ್ಯದವರೆಗಿನ ಅತಿ ಸೆಕೆಯ ದಿನಗಳಲ್ಲಿ, ಬಿಳಿ ಸಾಸಿವೆಯ ಪುಡಿಯನ್ನು ಇತರ ಮೂಲಿಕೆಗಳೊಡನೆ ಶುಂಠಿರಸದಲ್ಲಿ ಕಲಸಿ, ಬೆನ್ನಿನ ನಿಗದಿತ ಬಿಂದುಗಳ ಮೇಲೆ ಕೆಲವು ಗಂಟೆ ಅಂಟಿಸುತ್ತಾರೆ. ಚಳಿಗಾಲದ ಉಬ್ಬಸವನ್ನು ಬೇಸಿಗೆಯಲ್ಲೇ ತಡೆಯುವುದು ಉದ್ದೇಶ; 1695ರ ಗ್ರಂಥವೊಂದರಲ್ಲೇ ಈ ವಿಧಾನದ ವಿವರಣೆಯಿದೆ. ಸಾಸಿವೆಯಿಂದ ಚರ್ಮ ಕೆಂಪಾಗಿ ಕೆಲವರಿಗೆ ಬೊಕ್ಕೆ ಏಳುತ್ತದೆ. ಆಸ್ತಮಾ ಇರುವವರು ವೈದ್ಯರು ಕೊಟ್ಟ ಇನ್‌ಹೇಲರ್ ಬಿಟ್ಟು ಇದನ್ನೇ ನೆಚ್ಚಿಕೊಳ್ಳುವಂತಿಲ್ಲ.

## ಅಪಾಯ ಎಲ್ಲಿದೆ?

ಹೊರಗೆ ಹಚ್ಚುವುದಲ್ಲವೇ, ಏನಾಗುತ್ತದೆ ಎಂಬ ಭಾವನೆಯೇ ಹೆಚ್ಚಿನ ಅನಾಹುತಗಳಿಗೆ ಮೂಲ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಗಂಧಪುರದ ಎಣ್ಣೆಯಲ್ಲಿ ಸುಮಾರು 7 ಗ್ರಾಂ ಸ್ಯಾಲಿಸಿಲೇಟ್ ಇರುತ್ತದೆ. ಇದು ದೊಡ್ಡವರ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮ. ಮಗು ಒಂದು ಗುಟುಕು ಕುಡಿದರೂ ಪ್ರಾಣಾಪಾಯವಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಈ ಎಣ್ಣೆಯನ್ನು ಧಾರಾಳವಾಗಿ ಹಚ್ಚಿಕೊಂಡು ರಕ್ತಸ್ರಾವಕ್ಕೆ ಒಳಗಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಆಸ್ಪಿರಿನ್ ಒಗ್ಗದವರೂ ಇದರಿಂದ ದೂರವಿರಬೇಕು.

ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಬೇಗನೆ ಸೆಳೆತ ಬರುತ್ತದೆ. ಅಮೆರಿಕದಲ್ಲಿ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇ. 11ನ್ನು ಮೀರುವಂತಿಲ್ಲ. ಸಿಂಗಪುರದಲ್ಲಿ ಶೇ. 25 ಕರ್ಪೂರದೊಂದಿಗೆ ಮಾರಾಟವಾಗುವ ಟೈಗರ್ ಬಾಮ್ ಅಮೆರಿಕದಲ್ಲಿ ಶೇ. 11ಕ್ಕೆ ಇಳಿದಿರುವುದು ಇದೇ ಕಾರಣಕ್ಕೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಯಾವುದನ್ನೂ ಹಚ್ಚಬಾರದು. ಮೂಗಿನ ಹತ್ತಿರವಂತೂ ಕೂಡದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗೂ ಕರ್ಪೂರ, ಮೆಂಥಾಲ್ ಬೇಡವೆಂದು ವೈದ್ಯರು ಹೇಳುತ್ತಾರೆ.

2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ನೋವಿನ ಲೇಪಗಳಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಎಚ್ಚರಿಕೆ ನೀಡಿತು. ಅವುಗಳಲ್ಲಿ ಹೆಚ್ಚಿನವು ಮೆಂಥಾಲ್ ಶೇ. 3ಕ್ಕಿಂತಲೂ ಮೀಥೈಲ್ ಸ್ಯಾಲಿಸಿಲೇಟ್ ಶೇ. 10ಕ್ಕಿಂತಲೂ ಹೆಚ್ಚಿದ್ದ ಲೇಪಗಳಿಂದ ಆದವು. ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆ ಸುತ್ತುವುದು, ಬಿಸಿನೀರಿನ ಚೀಲ ಇಡುವುದು ಈ ಕಾರಣಕ್ಕೇ ಕೂಡದು.

ಮದ್ಯದಲ್ಲಿ ನೆನೆಸಿದ ಮದ್ದುಗಳಲ್ಲಿ ಬೇರೊಂದು ತೊಂದರೆಯಿದೆ. ಕೆಲವಕ್ಕೆ ವತ್ಸನಾಭಿ ಎಂಬ ವಿಷಗಿಡದ ಜಾತಿಯ, ಸಂಸ್ಕರಿಸದ ಬೇರು ಹಾಕುತ್ತಾರೆ. ಗಾಯದ ಮೂಲಕ ಒಳಸೇರಿದರೆ ಅಥವಾ ಮದ್ಯವೆಂದು ಯಾರಾದರೂ ಕುಡಿದರೆ ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಇಂಥ ಬಾಟಲಿಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಡುವುದು ಬೇಡ.

ತುರಿಕಜ್ಜಿಗೆ 'ಶುದ್ಧ ಗಿಡಮೂಲಿಕೆ' ಎಂದು ಮಾರುವ ಕ್ರೀಮುಗಳ ಬಗ್ಗೆ ನನ್ನ ಅನುಮಾನ ಇನ್ನೂ ಹೆಚ್ಚು. 2021ರ ಆರಂಭದಲ್ಲಿ ಚೀನಾದ ಫೂಜಿಯನ್ ಪ್ರಾಂತ್ಯದಲ್ಲಿ ತಯಾರಾದ ಶಿಶುಗಳ ಕ್ರೀಮೊಂದರಲ್ಲಿ ಕ್ಲೋಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಪತ್ತೆಯಾಯಿತು. ಅದನ್ನು ಹಚ್ಚಿದ ಮಗುವಿನ ಮುಖ ಊದಿ, ಬೆಳವಣಿಗೆ ಕುಂಠಿತವಾಗಿತ್ತು. ಎರಡೇ ದಿನದಲ್ಲಿ ಪವಾಡದಂತೆ ತುರಿಕೆ ಮಾಯವಾಗುವ ಮೂಲಿಕೆ ಕ್ರೀಮಿನಲ್ಲಿ ಹೇಳದೆ ಬೆರೆಸಿದ್ದು ಏನಾದರೂ ಇದ್ದೀತೆಂದು ಶಂಕಿಸುವುದೇ ಸರಿ.

## ಲೇಬಲ್ ಓದುವಾಗ

ಚೀನಾದಲ್ಲಿ ಔಷಧವೆಂದು ಅನುಮತಿ ಪಡೆದ ವಸ್ತುವಿನ ಮೇಲೆ 'ಗುವೊ ಯಾವ್ ಝುನ್ ಝಿ' ಎಂಬ ನಾಲ್ಕು ಚೀನೀ ಅಕ್ಷರಗಳೂ, ಅದು ಸಾಂಪ್ರದಾಯಿಕ ಔಷಧವಾಗಿದ್ದರೆ ಅವುಗಳ ನಂತರ ಇಂಗ್ಲಿಷಿನ ಝಡ್ ಮತ್ತು ಎಂಟು ಅಂಕಿಗಳೂ ಇರುತ್ತವೆ. ಸೋಂಕುನಿವಾರಕವೆಂದು ಮಾತ್ರ ನೋಂದಾಯಿಸಿದವುಗಳ ಗುರುತೇ ಬೇರೆ. ಮೇಲೆ ಹೇಳಿದ ಶಿಶುಗಳ ಕ್ರೀಮು ಆ ಗುಂಪಿಗೆ ಸೇರಿತ್ತು. ಚೀನೀ ಅಕ್ಷರ ಓದಲು ಬಾರದವರು ಫೋನಿನ ಕ್ಯಾಮೆರಾದಿಂದ ಅನುವಾದಿಸಿಕೊಳ್ಳಬಹುದು. ಪದಾರ್ಥಗಳ ಹೆಸರೂ ಪ್ರಮಾಣವೂ ಇಲ್ಲದ ಬಾಟಲಿಯನ್ನು ಬಳಸದಿರುವುದು ಕ್ಷೇಮ.

ಮೊದಲ ಸಲ ಮುಂಗೈಯ ಒಳಭಾಗಕ್ಕೆ ಚೂರೇ ಹಚ್ಚಿ ಒಂದು ದಿನ ಕಾದು ನೋಡಬೇಕು. ತೆರೆದ ಗಾಯ, ಕಣ್ಣು, ಬಾಯಿ, ಗುಪ್ತಾಂಗಗಳಿಗೆ ತಾಕಿಸಬಾರದು. ಹಚ್ಚಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣು ಮುಟ್ಟಬಾರದು. ಚರ್ಮ ವಿಪರೀತ ಉರಿದರೆ ಸೋಪು ಮತ್ತು ತಣ್ಣೀರಿನಿಂದ ತೊಳೆದು, ಬೊಕ್ಕೆ ಎದ್ದರೆ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಮಗು ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ, ಎಷ್ಟು ಕುಡಿದಿರಬಹುದೆಂದು ಅಂದಾಜಿಸಿಕೊಂಡು, ಬಾಟಲಿಯನ್ನು ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒಳಗಿದ್ದುದು ಕರ್ಪೂರವೋ ಸ್ಯಾಲಿಸಿಲೇಟೋ ಎಂಬುದರ ಮೇಲೆ ಅಲ್ಲಿನ ಚಿಕಿತ್ಸೆ ಬದಲಾಗುತ್ತದೆ.